ಅಡುಗೆ ಕಟ್ಟೆಯ ಗ್ರಾನೈಟ್‌ಗೆ ಯಾವ ಅಂಚು ಮಾಡಿಸೋದು? ಗುರುವಾರದೊಳಗೆ ಹೇಳಬೇಕಂತೆ

ಬಟವಾಡಿ ಹೊಸಮನೆ

ನಮಸ್ಕಾರ ಎಲ್ಲರಿಗೂ. ತುಮಕೂರಿನ ಬಟವಾಡಿ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಪ್ಲಾಸ್ಟರ್, ಟೈಲ್ಸ್ ಎಲ್ಲಾ ಮುಗಿದು ಈಗ ಅಡುಗೆಮನೆಗೆ ಬಂದು ನಿಂತಿದೆ. ಕಲ್ಲು ಆರಿಸಿದ್ದಾಯಿತು, ಚಾಮರಾಜನಗರದ ಕಪ್ಪು, 18 ಎಂಎಂ ದಪ್ಪ. ಅದರ ಬಗ್ಗೆ ದಯವಿಟ್ಟು ಯಾರೂ ಈಗ ಸಲಹೆ ಕೊಡಬೇಡಿ, ದುಡ್ಡು ಕೊಟ್ಟಾಗಿದೆ. ತಲೆನೋವು ಇರುವುದು ಅಂಚಿನದ್ದು.

ಮೊನ್ನೆ ಕಲ್ಲಿನ ಮೇಸ್ತ್ರಿ ಅಳತೆ ತಗೊಂಡು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, "ಸಾರ್, ಎಡ್ಜ್ ಏನ್ ಮಾಡ್ಲಿ?" ಅಂದರು. ನಾನು "ಅಂದ್ರೆ?" ಅಂದೆ. ಹಾಫ್ ರೌಂಡ್, ಫುಲ್ ರೌಂಡ್, ಚಾಂಫರ್, ಓಜಿ, ಡಬಲ್ ಪಟ್ಟಿ ಅಂತ ಒಂದೇ ಉಸಿರಿಗೆ ಹೇಳಿ, ಗುರುವಾರದೊಳಗೆ ಫೋನ್ ಮಾಡಿ ಅಂತ ಹೊರಟೇಬಿಟ್ಟರು. ಹೋಟೆಲಲ್ಲಿ ಮಾಣಿ ತಿಂಡಿ ಹೆಸರು ಹೇಳಿದ ಹಾಗಿತ್ತು. ಕೊನೆಗೆ ಇಡ್ಲಿ ಅನ್ನೋಣ ಅನಿಸಿತು.

ಮನೆಯಲ್ಲಿ ಮೂರು ಪಕ್ಷ ಆಗಿದೆ. ನನ್ನ ಹೆಂಡತಿ ಫೋನಲ್ಲಿ ಓಜಿ ಅಂಚಿನ ಫೋಟೋ ನೋಡಿದ್ದಾಳೆ, ಎಸ್ ಥರ ಬಳುಕಿಕೊಂಡು ಇರುತ್ತಲ್ಲ, ಅದು. ಅಮ್ಮನಿಗೆ ಏನೂ ಬಳುಕುವುದು ಬೇಡ, ನೆಟ್ಟಗಿರಬೇಕು, ಯಾಕೆ ಅಂದರೆ "ಯಾಕೂ ಇಲ್ಲ, ನೆಟ್ಟಗಿರ್ಲಿ" ಅನ್ನುತ್ತಾರೆ. ನನಗೆ ಎರಡು ವರ್ಷದ ಮಗನ ಚಿಂತೆ. ಅವನು ನಡೆಯುವುದೇ ಇಲ್ಲ, ಓಡುವುದೇ.

ಕಟ್ಟೆ ಎಲ್ ಆಕಾರ. ಒಂದು ಕಡೆ 10 ಅಡಿ, ಇನ್ನೊಂದು ಕಡೆ 7 ಅಡಿ, ಅಗಲ 2 ಅಡಿ. 10 ಅಡಿಯ ತುದಿ ಗೋಡೆಗೆ ತಾಗುತ್ತದೆ. 7 ಅಡಿಯ ತುದಿ ಫ್ರಿಜ್ ಪಕ್ಕ ಖಾಲಿ ನಿಲ್ಲುತ್ತದೆ. ಮೌಲ್ಡಿಂಗ್‌ಗೆ, ಅಂದರೆ ಅಂಚು ರೂಪಿಸುವ ಕೆಲಸಕ್ಕೆ, 17 ರನ್ನಿಂಗ್ ಅಡಿ ಅಂತ ಬರೆದುಕೊಟ್ಟಿದ್ದಾರೆ, ಸಿಂಕ್ ತೂತು ಬೇರೆ. ಕೆಳಗೆ ಪ್ಲೈವುಡ್ ಕಪಾಟು ಬರುತ್ತದೆ. ಬಳಸಿ ಅನುಭವ ಇರುವವರು ಹೇಳಿ. ಫೋಟೋ ಸಾಕಷ್ಟು ನೋಡಿದ್ದೇನೆ.

ತಿಪಟೂರು ಕಾಯಿ

ಮೊದಲು ಒಂದು ಮಾತು ಹೇಳಿ, ನಿಮ್ಮ ಅಮ್ಮ ಕಾಯಿ ಯಾವುದರಲ್ಲಿ ತುರಿಯುತ್ತಾರೆ?

ಸುಮ್ನೆ ಕೇಳುತ್ತಿಲ್ಲ. ನಮ್ಮನೆಯಲ್ಲಿ ದಿನಕ್ಕೆ ಒಂದು ಹೋಳಾದರೂ ಕಾಯಿ ಬೇಕು, ತಿಪಟೂರಲ್ಲಿ ಹುಟ್ಟಿ ಇನ್ನೇನು ಮಾಡೋದು. ಈಳಿಗೆ ಮಣೆ ಮೇಲೆ ಕೂರಲು ಮಂಡಿ ಬಿಡುವುದಿಲ್ಲ ಅಂತ ಹಿಡಿ ತಿರುಗಿಸಿ ತುರಿಯುವುದನ್ನು ತಂದೆ, ಕೆಳಗೆ ಸ್ಕ್ರೂ ಇದ್ದು ಕಟ್ಟೆಯ ಅಂಚಿಗೆ ಕಚ್ಚಿಕೊಳ್ಳುತ್ತದಲ್ಲ ಅದು. ಹಳೇ ಬಾಡಿಗೆ ಮನೆಯ ಕಡಪಾ ಕಲ್ಲಿಗೆ ಗಟ್ಟಿಯಾಗಿ ಕೂರುತ್ತಿತ್ತು. ಹೊಸ ಮನೆಗೆ ಬಂದು 9 ವರ್ಷ ಆಯಿತು, ಇಲ್ಲಿ ಚೆಂದಕ್ಕೆ ಅಂತ ಎರಡು ಕಲ್ಲು ಅಂಟಿಸಿ ದಪ್ಪ ಮಾಡಿಸಿ ಫುಲ್ ರೌಂಡ್ ಹೊಡೆಸಿದೆವು. ಗೃಹಪ್ರವೇಶದ ಮಾರನೇ ದಿನ ತುರಿಮಣೆ ಹಿಡಿದುಕೊಂಡು ಬಂದರೆ, ಬಾಯಿ ಅಗಲವಾಗುವಷ್ಟು ತಿರುಪಿದರೂ ಕಲ್ಲು ಒಳಗೆ ಹೋಗಲಿಲ್ಲ. 18 ಮತ್ತು 18 ಸೇರಿ 36 ಎಂಎಂ, ಅಂಟು ಸೇರಿ ಹೆಚ್ಚುಕಡಿಮೆ ಒಂದೂವರೆ ಇಂಚು. ನನ್ನ ತುರಿಮಣೆಯ ಬಾಯಿ ಅಷ್ಟು ಬಿಚ್ಚುವುದಿಲ್ಲ. ಹೇಗೋ ತುದಿಗೆ ಸಿಕ್ಕಿಸಿ ತಿರುಗಿಸಿದರೆ ಗುಂಡಗಿರುವ ಅಂಚಿನ ಮೇಲೆ ಜಾರಿ, ಕಾಯಿ ಹೋಳು ಒಂದು ಕಡೆ, ಬಟ್ಟಲು ಒಂದು ಕಡೆ.

ಇನ್ನೊಂದು, ಕಟ್ಟೆ ಕಪಾಟಿನಿಂದ ಎಷ್ಟು ಮುಂದೆ ಬಂದಿದೆ ಅನ್ನುವುದೂ ಮುಖ್ಯ. ನಮ್ಮದು ಒಂದೇ ಇಂಚು. ಸ್ಕ್ರೂ ಕೂರಲು ಕೆಳಗೆ ಜಾಗ ಬೇಡವಾ? ಬಾಗಿಲಿಗೇ ತಾಗುತ್ತಿತ್ತು. ಈಗ ನಾನು ಬಳಸುವುದು ತಳದಲ್ಲಿ ರಬ್ಬರ್ ಬಟ್ಟಲಿರುವ, ಒತ್ತಿದರೆ ಕಲ್ಲಿಗೆ ಅಂಟಿಕೊಳ್ಳುವ ತುರಿಮಣೆ. ನುಣುಪು ಗ್ರಾನೈಟ್ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಒಂದು ತೊಟ್ಟು ಹಿಟ್ಟು ಅಂಟಿದ್ದರೆ ಬಿಟ್ಟುಬಿಡುತ್ತದೆ.

ನಿಮ್ಮ ಅಮ್ಮ "ಯಾಕೂ ಇಲ್ಲ" ಅಂದಿದ್ದಾರಲ್ಲ, ಅದಕ್ಕೆ ಯಾಕೆ ಅನ್ನುವುದು ಇದ್ದೇ ಇರುತ್ತದೆ. ಕೇಳಿ ನೋಡಿ.

ಪ್ಲೈವುಡ್ ಪುಟ್ಟ

ನಾನು ಕಾರ್ಪೆಂಟರ್, ಕಲ್ಲಿನವನಲ್ಲ. ಆದರೆ ಕಲ್ಲಿನವರು ಮಾಡಿಟ್ಟು ಹೋದ ಮೇಲೆ ಬೈಸಿಕೊಳ್ಳುವವನು ನಾನೇ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. 17 ಅಡಿ ಎಲ್ಲಿಂದ ಬಂತು? 10 ಮತ್ತು 7 ಕೂಡಿಸಿದ್ದಾರೆ, ಅದು ಗೋಡೆ ಕಡೆಯ ಅಳತೆ. ಗೋಡೆಗೆ ಅಂಟಿದ ಅಂಚಿಗೆ ಯಾರಾದರೂ ಪಾಲಿಶ್ ಮಾಡುತ್ತಾರಾ? ನಿಮಗೆ ಕಾಣುವುದು ಮುಂದಿನ ಅಂಚು. 10ರಲ್ಲಿ ಮೂಲೆಯ 2 ಅಡಿ ಕಳೆದರೆ 8, ಹಾಗೇ 7ರಲ್ಲಿ 2 ಕಳೆದರೆ 5, ಒಟ್ಟು 13. ಫ್ರಿಜ್ ಪಕ್ಕದ ಖಾಲಿ ತುದಿ 2 ಅಡಿ. 15 ಆಯಿತು. ಎರಡು ಅಡಿ ಏನು ದೊಡ್ಡದು ಅನ್ನಬೇಡಿ, ಓಜಿ ಮಾಡಿಸಿದರೆ ಸಾದಾ ಅಂಚಿಗಿಂತ ಅಡಿಗೆ ಜಾಸ್ತಿ ಬೀಳುತ್ತದೆ. ಮೇಸ್ತ್ರಿ ಮೋಸ ಮಾಡಿದರು ಅಂತಲೂ ಹೇಳುತ್ತಿಲ್ಲ, ಎಷ್ಟೋ ಜನ ಅಭ್ಯಾಸಬಲದಿಂದ ಹಾಗೇ ಬರೆಯುತ್ತಾರೆ. ಟೇಪು ಹಿಡಿದು ಪಕ್ಕದಲ್ಲಿ ನಿಂತು ಕೇಳಿ.

ಎರಡನೇದು ನೀರು. ಫುಲ್ ರೌಂಡ್ ಅಂಚು ನನ್ನ ಶತ್ರು. ತಂಬಿಗೆಯಿಂದ ನೀರನ್ನು ನಿಧಾನವಾಗಿ ಬಗ್ಗಿಸಿದರೆ ನೀರು ಕೆಳಗೆ ಬೀಳದೆ ತಂಬಿಗೆಯ ಹೊಟ್ಟೆಗೇ ಅಂಟಿಕೊಂಡು ಇಳಿಯುತ್ತಲ್ಲ, ಅದೇ ಕಥೆ. ಮೇಲೂ ಗುಂಡಗೆ, ಕೆಳಗೂ ಗುಂಡಗೆ ಇದ್ದರೆ ಕಟ್ಟೆ ಒರೆಸಿದ ನೀರು ಅಂಚನ್ನು ಸುತ್ತಿಕೊಂಡು ಕಲ್ಲಿನ ತಳಕ್ಕೆ ಹೋಗುತ್ತದೆ, ಅಲ್ಲಿಂದ ಪ್ಲೈವುಡ್‌ನ ತಲೆಗೆ. ಮೂರು ವರ್ಷ ಬಿಟ್ಟು ಸಿಂಕ್ ಕೆಳಗಿನ ಬಾಗಿಲು ಹಪ್ಪಳದ ಹಾಗೆ ಉಬ್ಬಿಕೊಂಡಾಗ ಪ್ಲೈವುಡ್ ಸರಿಯಿಲ್ಲ ಅಂತ ನನಗೆ ಫೋನ್ ಬರುತ್ತದೆ.

ಏನು ಅಂಚು ಬೇಕಾದರೂ ಮಾಡಿಸಿ, ಕೆಳಗಿನ ಮೂಲೆ ಚೂಪಾಗೇ ಇರಲಿ. ಮತ್ತೆ ಕಲ್ಲಿನ ತಳದಲ್ಲಿ ಅಂಚಿನಿಂದ ಅರ್ಧ ಇಂಚು ಒಳಗೆ ಒಂದು ಡ್ರಿಪ್ ಕಟ್ ಹಾಕಿಸಿ. ಕಿಟಕಿ ಸಜ್ಜಾದ ಕೆಳಗೆ ಗೆರೆ ಬಿಟ್ಟಿರುತ್ತಾರಲ್ಲ, ಅದೇ. ಕಟರ್ ಬ್ಲೇಡ್ ಒಂದು ಸಲ ಓಡಿಸಿದರೆ ಸಾಕು, 4 ಎಂಎಂ ಆಳ. ನೀರು ಅಲ್ಲಿಗೆ ಬಂದು ದಾಟಲಾಗದೆ ಕೆಳಗೆ ಬೀಳುತ್ತದೆ. ಕಲ್ಲು ಕೂರಿಸಿದ ಮೇಲೆ ಇದನ್ನು ಮಾಡಲು ಆಗುವುದಿಲ್ಲ, ಮೊದಲೇ ಹೇಳಬೇಕು.

ಡಬಲ್ ಪಟ್ಟಿ, ಅಂದರೆ ಅಂಚಿನ ಕೆಳಗೆ ಇನ್ನೊಂದು ಕಲ್ಲಿನ ಪಟ್ಟಿ ಅಂಟಿಸಿ ದಪ್ಪ ಕಾಣಿಸುವುದು, ಮಾಡಿಸುವುದಾದರೆ ನನ್ನಂಥವನಿಗೆ ಮುಂಚೆಯೇ ಹೇಳಿ. ಪಟ್ಟಿ 18 ಎಂಎಂ ಕೆಳಗೆ ಇಳಿಯುತ್ತದೆ, ಮೇಲಿನ ಡ್ರಾಯರ್ ಎಳೆದರೆ ಅದರ ನೆತ್ತಿ ಪಟ್ಟಿಗೆ ಉಜ್ಜುತ್ತದೆ. ಕಪಾಟಿನ ಮೇಲೆ ಅಷ್ಟೇ ದಪ್ಪದ ಪ್ಲೈ ಇಟ್ಟು ಕಲ್ಲನ್ನು ಎತ್ತಬೇಕು. ಇದನ್ನು ಮರೆತ ಒಂದು ಮನೆಯಲ್ಲಿ ಆರು ಡ್ರಾಯರ್ ಮುಖ ಕುಯ್ದಿದ್ದೇನೆ.

ಬಟವಾಡಿ ಹೊಸಮನೆ

ಅಮ್ಮನನ್ನು ಕೇಳಿದೆ. "ಕಾಯಿ ತುರಿಯೋದು ಎಲ್ಲಿ ಸಿಗಿಸ್ಲಿ ಮತ್ತೆ?" ಅಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, "ನೀನು ಕೇಳಿದ್ದು ಡಿಸೈನು" ಅಂದರು. ತಿಪಟೂರಿನವರಿಗೆ ಸಾಷ್ಟಾಂಗ.

ಪುಟ್ಟ ಅವರೇ, 15 ಅಡಿ ಲೆಕ್ಕ ಸರಿ ಇದೆ, ನನ್ನ ತಲೆಗೇ ಹೊಳೆದಿರಲಿಲ್ಲ. ಆದರೆ ನನ್ನ ಹೆಂಡತಿ ಓಜಿ ಬಿಟ್ಟುಕೊಡುತ್ತಿಲ್ಲ. ಯಾರಾದರೂ ಓಜಿ ಬಳಸುತ್ತಿದ್ದೀರಾ?

ಗುಬ್ಬಿಗೇಟ್ ಸೊಸೆ

ನಾನು. ಐದು ವರ್ಷದಿಂದ. ನಿಮ್ಮ ಹೆಂಡತಿಗೆ ತೋರಿಸಿ ಇದನ್ನು.

ನೋಡಲು ಚೆಂದ, ಸುಳ್ಳು ಹೇಳಲ್ಲ. ಬಂದವರೆಲ್ಲ ಬೆರಳಾಡಿಸಿ ನೋಡುತ್ತಾರೆ. ಆದರೆ ನಮ್ಮದು ಮುದ್ದೆ ಮನೆ. ಮಧ್ಯಾಹ್ನ ಪಾತ್ರೆಯಿಂದ ಹಿಟ್ಟನ್ನು ಬಿಸಿಬಿಸಿ ಕಟ್ಟೆಯ ಮೇಲೇ ಸುರಿದುಕೊಂಡು, ಕೈಗೆ ನೀರು ಮುಟ್ಟಿಸಿಕೊಂಡು ಉರುಳಿಸಿ ಮುದ್ದೆ ಕಟ್ಟುವುದು. ಆ ನೀರು, ಹಿಟ್ಟಿನ ಎಳೆ ಎಲ್ಲ ಸೇರಿಕೊಳ್ಳುವುದು ಎಲ್ಲಿಗೆ ಅಂದರೆ ಓಜಿಯ ಹೊಟ್ಟೆ ಒಳಗೆ ಹೋಗುವ ಆ ಗೆರೆಯೊಳಕ್ಕೆ. ಆಗಲೇ ಒರೆಸಿದರೆ ಸರಿ. ಊಟ ಮಾಡಿ ಬಂದು ಒರೆಸೋಣ ಅಂದರೆ ರಾಗಿಹಿಟ್ಟು ಒಣಗಿ ಸಿಮೆಂಟ್ ಆಗಿರುತ್ತದೆ, ಹಳೇ ಟೂತ್‌ಬ್ರಷ್ ತಗೊಂಡು 12 ಅಡಿ ಉದ್ದ ಕೆರೆಯಬೇಕು. ಕಪ್ಪು ಕಲ್ಲಿನ ಮೇಲೆ ಒಣಗಿದ ಹಿಟ್ಟು ಬೆಳ್ಳಗೆ ಕಾಣುತ್ತದೆ ಬೇರೆ. ಚಪಾತಿ ಹಿಟ್ಟು, ದೋಸೆ ಹಿಟ್ಟು, ಅದೇ ಪಾಡು.

ಇನ್ನೊಂದು ವಿಷಯ. ಓಜಿಯಲ್ಲಿ ಮೇಲಿನ ತುಟಿ ತೆಳ್ಳಗೆ ಬರುತ್ತದೆ. ಐದು ಲೀಟರ್ ಕುಕ್ಕರ್ ತಳ ಒಂದು ಸಲ ತಗಲಿ ಕಡಲೆಕಾಳಿನಷ್ಟು ಚೂರು ಹಾರಿತು. ಕಲ್ಲಿನ ಪುಡಿ ಎಪಾಕ್ಸಿಗೆ ಕಲಸಿ ತುಂಬಿಸಿ ತಿಕ್ಕಿದರು, ದೂರಕ್ಕೆ ಗೊತ್ತಾಗಲ್ಲ. ನನಗೆ ದಿನಾ ಗೊತ್ತಾಗುತ್ತದೆ.

ಅಷ್ಟು ಇಷ್ಟವಾದರೆ ಓಜಿಯನ್ನು ದೇವರ ಮನೆಯ ಕಲ್ಲಿಗೆ ಮಾಡಿಸಿಕೊಳ್ಳಲಿ. ಅಲ್ಲಿ ಯಾರೂ ಕುಕ್ಕರ್ ಇಡಲ್ಲ.

ಕಲ್ಲು ಕೆಲಸ 22 ವರ್ಷ

ಎಲ್ಲರೂ ಬಳಸುವವರ ಕಡೆಯಿಂದ ಹೇಳಿದ್ದೀರಿ. ಮಾಡುವವನ ಕಡೆಯಿಂದ ನಾನು ಸ್ವಲ್ಪ ಹೇಳುತ್ತೇನೆ. ಶಿರಾ ರಸ್ತೆ ಕಡೆ ಕೆಲಸ ನನ್ನದು. ನನ್ನ ಹತ್ತಿರ ಮಾಡಿಸಿ ಅಂತ ಹೇಳಲು ಬಂದಿಲ್ಲ, ಈಗಲೇ ಕೈತುಂಬ ಇದೆ.

ನಿಮ್ಮ ಕಲ್ಲು ಒಳ್ಳೆಯ ಕಲ್ಲು. ಅಂಗಡಿಯಲ್ಲಿ ಬ್ಲಾಕ್ ಗ್ರಾನೈಟ್ ಅನ್ನುತ್ತೇವೆ, ಭೂವಿಜ್ಞಾನ ಓದಿದವರು ಅದು ಗ್ರಾನೈಟೇ ಅಲ್ಲ, ಡಾಲರೈಟ್ ಅನ್ನುತ್ತಾರೆ. ಹೆಸರು ಏನಾದರೂ ಇರಲಿ, ಕಣ ಸಣ್ಣ, ಒತ್ತೊತ್ತಾಗಿ ಕೂತಿದೆ, ಅದಕ್ಕೆ ಅಂಚು ಚೊಕ್ಕಟವಾಗಿ ಬರುತ್ತದೆ. ನಮ್ಮ ಮಧುಗಿರಿ ಬೆಟ್ಟದ ಕಡೆಯ ಕಲ್ಲು ನೋಡಿ, ಕ್ಲೋಸ್‌ಪೇಟ್ ಗ್ರಾನೈಟ್ ಅಂತಾರಲ್ಲ, ರಾಮನಗರದಿಂದ ತುಮಕೂರು, ಪಾವಗಡದ ಕಡೆಗೆ ಹಾದುಹೋಗುವ ಸಾಲು. ಅದರಲ್ಲಿ ಗುಲಾಬಿ ಹರಳು ಹುಣಸೆಬೀಜದಷ್ಟು ದಪ್ಪ ಇರುತ್ತದೆ. 250 ಕೋಟಿ ವರ್ಷದ ಕಲ್ಲು, ಗಟ್ಟಿ ಅಂದರೆ ಗಟ್ಟಿ. ಆದರೆ ಅಂಥ ದಪ್ಪ ಹರಳಿನ ಕಲ್ಲಿಗೆ ತೆಳ್ಳನೆಯ ಅಂಚು ತೆಗೆಯಲು ಹೋದರೆ ಹರಳು ಹರಳಾಗಿ ಎದ್ದು ಬರುತ್ತದೆ. ಅದಕ್ಕೇ ಯಾವ ಅಂಚು ಅನ್ನುವ ಮೊದಲು ಯಾವ ಕಲ್ಲು ಅಂತ ನಾವು ಕೇಳುವುದು.

ಕಪ್ಪು ಕಲ್ಲಿಗೆ ಮೋಸ ಆಗುವುದು ಆಕಾರದಲ್ಲಿ ಅಲ್ಲ, ಪಾಲಿಶ್‌ನಲ್ಲಿ. ಮೇಲ್ಮೈ ಫ್ಯಾಕ್ಟರಿಯಿಂದ ಕನ್ನಡಿ ಥರ ಬಂದಿರುತ್ತದೆ. ಅಂಚನ್ನು ನಾವು ಕೈಯಲ್ಲಿ ಗ್ರೈಂಡರ್ ಹಿಡಿದು ಡೈಮಂಡ್ ಪ್ಯಾಡ್‌ನಲ್ಲಿ ತಿಕ್ಕಬೇಕು, 50 ನಂಬರ್, 100, 200, 400, 800, 1500, 3000, ಒಂದೊಂದಾಗಿ, ನೀರು ಬಿಟ್ಟುಕೊಂಡು. ಸಮಯ ಉಳಿಸಲು 800ಕ್ಕೆ ನಿಲ್ಲಿಸುವವರಿದ್ದಾರೆ. ಅಲ್ಲಿಗೆ ಬಿಟ್ಟರೆ ಅಂಚು ಬೂದಿ ಬಣ್ಣ, ಮೇಲೆ ಕಪ್ಪು. ಅದು ಕಾಣಬಾರದು ಅಂತ ಕಪ್ಪು ಮೇಣವೋ ಬಣ್ಣವೋ ಒರೆಸಿ ಕೊಡುತ್ತಾರೆ. ಆ ದಿನ ಮಿರಮಿರ ಮಿಂಚುತ್ತದೆ. ಆರು ತಿಂಗಳು ಪಾತ್ರೆ ಸೋಪು ಬಿದ್ದ ಮೇಲೆ ನಿಜ ಬಣ್ಣ ಹೊರಗೆ ಬರುತ್ತದೆ. ಕೊನೆಯ ದುಡ್ಡು ಕೊಡುವ ಮೊದಲು ಹತ್ತಿಗೆ ಉಗುರುಬಣ್ಣ ತೆಗೆಯುವ ದ್ರವ ಹಾಕಿ ಅಂಚಿನ ಮೇಲೆ ತಿಕ್ಕಿ. ಹತ್ತಿ ಕಪ್ಪಾದರೆ ಬಣ್ಣ ಬಳಿದಿದ್ದಾರೆ. ಇದನ್ನು ಬರೆದಿದ್ದಕ್ಕೆ ನಮ್ಮವರೇ ನನ್ನನ್ನು ಬೈಯಬಹುದು, ಬೈಯಲಿ.

ಎರಡು ವರ್ಷದ ಮಗು ಅಂದಿರಿ. ಆ ವಯಸ್ಸಿಗೆ ಎತ್ತರ ಸುಮಾರು 34 ಇಂಚು ಇರುತ್ತದೆ. ನಾವು ಕಟ್ಟೆ ಕೂರಿಸುವುದು 32ರಿಂದ 34 ಇಂಚಿಗೆ. ಅಂದರೆ ಕಲ್ಲಿನ ಮೂಲೆ ಇರುವುದು ಸರಿಯಾಗಿ ಅವನ ಹಣೆಯ ಮಟ್ಟಕ್ಕೆ. ಅಂಚಿನ ಆಕಾರಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ, ಆದರೆ ಏಟು ಬೀಳುವುದು ಅಂಚಿಗಲ್ಲ, ಮೂಲೆಗೆ. ಆ ಫ್ರಿಜ್ ಪಕ್ಕದ ಖಾಲಿ ತುದಿ ಇದೆಯಲ್ಲ, ಅದನ್ನು ಮೇಲಿಂದ ನೋಡಿದಾಗ ಗುಂಡಗೆ ಕಾಣುವ ಹಾಗೆ ಕುಯ್ಯಿಸಿ, ಎರಡು ಇಂಚಿನ ತಿರುವು ಕೊಡಿ. ಮಧ್ಯಮ ಗಾತ್ರದ ಲೋಟ ಬೋರಲು ಹಾಕಿ ಗೆರೆ ಎಳೆದರೂ ಒಂದೂವರೆ ಇಂಚು ಸಿಗುತ್ತದೆ, ನಾನು ಎಷ್ಟೋ ಮನೆಯಲ್ಲಿ ಹಾಗೇ ಮಾಡಿದ್ದೇನೆ.

ಅಂಚಿಗೆ ನನ್ನ ಓಟು ಮೇಲಿನ ಮೂಲೆ ಮಾತ್ರ 5 ಎಂಎಂ ಗುಂಡಗೆ, ಮುಖ ನೆಟ್ಟಗೆ, ಕೆಳಗಿನ ಮೂಲೆಯನ್ನು ಕೈ ಕುಯ್ಯದಷ್ಟು ಮಾತ್ರ ಸವರುವುದು. ಪೆನ್ಸಿಲ್ ಅಂಚು ಅನ್ನುತ್ತಾರೆ ಕೆಲವರು. ಪೂರ್ತಿ ಚೂಪು ಬಿಡಬೇಡಿ. ಚೂಪು ಮೂಲೆಗೆ ಪಾತ್ರೆ ತಗಲಿದರೆ ಚಕ್ಕೆ ಏಳುತ್ತದೆ, ಗುಂಡಗಿದ್ದರೆ ಏಟು ಹಂಚಿಹೋಗುತ್ತದೆ. ತುರಿಮಣೆಗೂ ಇದೇ ಒಳ್ಳೆಯದು.

ಸಿಂಕ್ ಮತ್ತು ಸ್ಟೌವ್ ತೂತಿನ ಒಳಮೂಲೆಗಳನ್ನೂ ನೋಡಿಕೊಳ್ಳಿ. ಬ್ಲೇಡನ್ನು ಅಡ್ಡಡ್ಡ ಓಡಿಸಿ ಚೌಕ ಮೂಲೆ ಬಿಟ್ಟರೆ ಬಿರುಕು ಶುರುವಾಗುವುದು ಅಲ್ಲಿಂದಲೇ. ಮೂಲೆಯಲ್ಲಿ ಮೊದಲು ತೂತು ಕೊರೆದು ಆಮೇಲೆ ಕುಯ್ಯಬೇಕು. ಸಿಂಕ್ ಕಲ್ಲಿನ ಕೆಳಗೆ ಬರುವ ಥರದ್ದಾದರೆ ಆ ತೂತಿನ ಅಂಚಿಗೂ ಪೂರ್ತಿ ಪಾಲಿಶ್ ಬೇಕು, ಕೈ ದಿನಾ ತಗಲುವುದು ಅಲ್ಲೇ.

ಕೊನೆಗೆ ನಮ್ಮ ಕಡೆಯ ಒಂದು ಮಾತು. ನಿಮ್ಮ ಮನೆಯೊಳಗೆ ಒಣ ಕಟಿಂಗ್ ಮಾಡಿಸಬೇಡಿ. ಆ ಬಿಳಿ ಧೂಳು ಕುಡಿದು ಕುಡಿದು ಶ್ವಾಸಕೋಶ ಕಲ್ಲಾದವರನ್ನು ನೋಡಿದ್ದೇನೆ, ಸಿಲಿಕೋಸಿಸ್ ಅಂತಾರೆ, ಬಂದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ. ಹುಡುಗರು ನೀರು ಬಿಡಲು ಸೋಮಾರಿತನ ಮಾಡುತ್ತಾರೆ. ನೀವೇ ಒಂದು ಬಕೆಟ್ ನೀರು ತಂದಿಟ್ಟುಬಿಡಿ.

ಕೋಲಾರದವನು

ಮಧ್ಯೆ ಬಾಯಿ ಹಾಕುತ್ತೇನೆ. ನಮ್ಮದು ಕ್ವಾರ್ಟ್ಸ್, ಕಲ್ಲಿನ ಪುಡಿಗೆ ರಾಳ ಸೇರಿಸಿ ಫ್ಯಾಕ್ಟರಿಯಲ್ಲಿ ಮಾಡುವ ಹಲಗೆ, ಬಿಳಿ. ಎರಡು ಹಲಗೆಯನ್ನು 45 ಡಿಗ್ರಿಗೆ ಕುಯ್ದು ಜೋಡಿಸಿ ದಪ್ಪ ಕಲ್ಲಿನ ಥರ ಕಾಣಿಸುವ ಅಂಚು. ಮೂಲೆ ಚಾಕುವಿನ ಹಾಗಿತ್ತು, ಒಂದೇ ವರ್ಷದಲ್ಲಿ ಮೂರು ಕಡೆ ಚಕ್ಕೆ ಎದ್ದಿದೆ, ಜೋಡಿಸಿದ ಗೆರೆಯಲ್ಲಿ ಅರಿಶಿನ ಕೂತಿದೆ. ಸಾಲದ್ದಕ್ಕೆ ಅದರಲ್ಲಿ ರಾಳ ಇರುತ್ತದೆ, ಒಲೆಯಿಂದ ಇಳಿಸಿದ ಬಾಣಲೆ ನೇರ ಇಡುವ ಹಾಗಿಲ್ಲ. ಮುದ್ದೆ ಪಾತ್ರೆ ಇಡಲು ಮಣೆ ಹುಡುಕುತ್ತಾ ನಿಲ್ಲುತ್ತೇನೆ. ನೀವು ಕಪ್ಪು ಕಲ್ಲು ತಗೊಂಡಿರಲ್ಲ, ಪುಣ್ಯವಂತರು.

ತಿಪಟೂರು ಕಾಯಿ

ಕಲ್ಲು ಕೆಲಸದವರೇ, ಒಂದು ಅನುಮಾನ. ತುರಿಮಣೆಗೆ ಅಂತ ಇಡೀ ಕಟ್ಟೆ ಮುಂದೆ ತರಬೇಕಾ, ಅಥವಾ ಒಂದು ಕಡೆ ಮಾತ್ರ ಆಗುತ್ತದಾ?

ಕಲ್ಲು ಕೆಲಸ 22 ವರ್ಷ

ಇಡೀ ಕಟ್ಟೆ ಬೇಡ ತಾಯಿ, ಹೊಟ್ಟೆಗೆ ತಾಗುತ್ತದೆ. ಮುಂದೆ ಒಂದು ಇಂಚು ಇರಲಿ. ಖಾಲಿ ತುದಿಯ ಕಡೆ ಎರಡೂವರೆ ಇಂಚು ಹೊರಗೆ ಬಿಟ್ಟರೆ ಸ್ಕ್ರೂ ಅಲ್ಲಿ ಕೂರುತ್ತದೆ. ಅಷ್ಟಕ್ಕೆ ಕಲ್ಲಿಗೆ ಕೆಳಗೆ ಆಸರೆಯೂ ಬೇಕಿಲ್ಲ. ಆದರೆ ಡ್ರಿಪ್ ಕಟ್ ಇರುವ ಜಾಗಕ್ಕೆ ಸ್ಕ್ರೂ ಬೀಳದಂತೆ ನೋಡಿಕೊಳ್ಳಿ, ಆ ತುದಿಗೆ ಮಾತ್ರ ಕಟ್ ಹಾಕದಿದ್ದರೂ ನಡೆಯುತ್ತದೆ, ಫ್ರಿಜ್ ಕಡೆ ಯಾರು ನೀರು ಚೆಲ್ಲುತ್ತಾರೆ.

ಪ್ಲೈವುಡ್ ಪುಟ್ಟ

ಎರಡು ವರ್ಷದ ಮಗು ಇರುವ ಮನೆಯಲ್ಲಿ ಎಲ್ಲಾ ಕಡೆ ನೀರು ಚೆಲ್ಲುತ್ತಾರೆ ಗುರುವೇ. ಆ ಕಡೆ ಪ್ಲೈವುಡ್ ಬದಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೆಸುತ್ತೇನೆ ಬಿಡಿ.

ಬಟವಾಡಿ ಹೊಸಮನೆ

ಐದು ವಾರ ಬಿಟ್ಟು ಬಂದಿದ್ದೇನೆ, ಕ್ಷಮಿಸಿ. ಕಟ್ಟೆ ಕೂತಿದೆ, ಒಲೆ ಹತ್ತಿದೆ.

ಪೆನ್ಸಿಲ್ ಅಂಚು, ಕೆಳಗೆ ಡ್ರಿಪ್ ಕಟ್, ಖಾಲಿ ತುದಿಯಲ್ಲಿ ಎರಡು ಇಂಚಿನ ತಿರುವು, ಅಲ್ಲೇ ಎರಡೂವರೆ ಇಂಚು ಹೊರಗೆ. 17 ಅಡಿಯನ್ನು ಟೇಪು ಹಿಡಿದು ತೋರಿಸಿದಾಗ ಮೇಸ್ತ್ರಿ ಒಂದು ನಿಮಿಷ ಸುಮ್ಮನಿದ್ದು, "ಹೌದಲ್ವಾ ಸಾರ್" ಅಂತ 15ಕ್ಕೆ ತಿದ್ದಿದರು. ಹತ್ತಿ ಪರೀಕ್ಷೆಯೂ ಮಾಡಿದೆ. ಮುಂದಿನ ಅಂಚಿನಲ್ಲಿ ಹತ್ತಿ ಬೆಳ್ಳಗೇ ಬಂತು. ಸಿಂಕ್ ತೂತಿನ ಒಳಗೆ ತಿಕ್ಕಿದಾಗ ಕಪ್ಪಾಯಿತು. ಮೇಸ್ತ್ರಿ ನನ್ನನ್ನೂ ಹತ್ತಿಯನ್ನೂ ನೋಡಿ, "ಇದನ್ನ ಯಾರು ಸಾರ್ ಹೇಳ್ಕೊಟ್ಟಿದ್ದು?" ಅಂದರು. ಮಾರನೇ ದಿನ ಹುಡುಗ ಬಂದು 1500, 3000 ಎರಡೂ ಪ್ಯಾಡ್ ಹೊಡೆದು ಹೋದ. ನೀರಿನ ಬಕೆಟ್ ನಾನೇ ಇಟ್ಟಿದ್ದೆ.

ಓಜಿ ದೇವರ ಮನೆಗೆ ಹೋಯಿತು, ಮೂರೇ ಅಡಿ. ಮನೆಗೆ ಬಂದವರು ಮೊದಲು ನೋಡುವುದು ಅದನ್ನೇ ಅಂತ ಹೆಂಡತಿ ದಿನಕ್ಕೊಂದು ಸಲ ನೆನಪಿಸುತ್ತಾಳೆ. ಅಮ್ಮ ತುರಿಮಣೆ ಸಿಗಿಸುವಾಗ ಕಲ್ಲಿನ ಕೆಳಗೆ ಹಳೇ ಪಂಚೆಯ ತುಂಡು ಮಡಿಸಿ ಇಡುತ್ತಾರೆ, ಗೀರು ಬೀಳಬಾರದಂತೆ. ಕೆಳಗೆ ಯಾರು ನೋಡುತ್ತಾರೆ ಅಂದರೆ ಉತ್ತರ ಇಲ್ಲ.

ಮಗ ಇದುವರೆಗೂ ಕಲ್ಲಿನ ಮೂಲೆಗೆ ಬಡಿಸಿಕೊಂಡಿಲ್ಲ. ನಿನ್ನೆ ಡ್ರಾಯರ್ ಹಿಡಿಗೆ ಬಡಿಸಿಕೊಂಡು ಹಣೆ ಮೇಲೆ ನೆಲ್ಲಿಕಾಯಿ ಬಂದಿದೆ. ಪುಟ್ಟ ಅವರೇ, ಹಿಡಿ ಇಲ್ಲದ ಡ್ರಾಯರ್ ಬರುತ್ತದಾ?